ಹಿಂದಿನ ಹೆಗಲು

ಜನವರಿ 7, ಮಂಗಳವಾರ. ಸಂಜೆ

ತಣ್ಣೀರು ಸ್ನಾನ, ಒದ್ದೆ ಪಂಚೆ, ಖಾಲಿ ಹೊಟ್ಟೆ. ಗುಡಿ ಅಂಗಳ ಗುಡಿಸಿದೆ. ಅದು ಹಿಂದಿನ ಹೆಗಲಿನವನ ಕೆಲಸ. ದೇವರು ಹೊರುವವರು ಬರಿಗಾಲಲ್ಲಿರಬೇಕು, ಸುತ್ತ ನೋಡಿದರೆ ಬರೀ ಜಾಲಿ ಮುಳ್ಳು. ಮುಂದಿನ ಹೆಗಲು ಚಿಕ್ಕರಂಗಯ್ಯ ಮಾವನದು, ಅವ್ವನ ಅಣ್ಣ. ಅಪ್ಪ ಹೋದ ಮೇಲೆ ಹಿಂದಿನದು ನನಗೆ ಬಂತು. ಬಂತು ಅಂದರೆ... ಮನೆಯಲ್ಲಿ ಖಾಲಿ ಕೂತಿದ್ದವನು ನಾನೊಬ್ಬನೇ.

ಇವತ್ತು ಹೊಳವನಹಳ್ಳಿಯವರ ಹಸು, ಸಿರಾದವರ ಸೈಟು, ಆಮೇಲೆ ಒಂದು ಹೆಣ್ಣು ಕೊಡುವ ವಿಷಯ. ಕೇಳುವವರು ಎದುರು ಕೈಮುಗಿದು ನಿಲ್ಲುತ್ತಾರೆ. ಚೌಡಮ್ಮನನ್ನು ಕೂರಿಸಿ ನಾವಿಬ್ಬರು ಹೊರುವ ಮರದ ಅಡ್ಡೆ ಮುಂದಕ್ಕೆ ಹೋದರೆ ಅಪ್ಪಣೆ. ಹಿಂದಕ್ಕೆ ಸರಿದರೆ ಬೇಡ. ಅಮ್ಮ ಹೆಗಲಿಗೆ ಬಂದರೆ ಹೇಗಿರುತ್ತೆ ಅಂತ ಜನ ಕೇಳುತ್ತಾರೆ. ಸಿಡಿಲು ಹೊಡೆದ ಹಾಗೆ ಅಂತ ಮಾವ ಹೇಳುತ್ತಾನೆ. ನನಗೆ ಬರುವುದು ಕುತ್ತಿಗೆ ನೋವು. ಮಾವ ನಡೆದ ಕಡೆ ನಡೆಯುತ್ತೇನೆ, ಅಷ್ಟೆ.

ಹೊರುವವನು ತನಗಾಗಿ ಕೇಳಿಕೊಳ್ಳುವ ಹಾಗಿಲ್ಲ. ಆದರೂ ವಾರ ವಾರವೂ ಮನಸ್ಸಿನಲ್ಲಿ ಕೇಳುತ್ತೇನೆ — ನನ್ನನ್ನು ಯಾವುದಕ್ಕೆ ಹುಟ್ಟಿಸಿದೆ ತಾಯಿ? ಐಟಿಐ ಆಯಿತು. ಪಾವಗಡದಲ್ಲಿ ಸೋಲಾರ್ ಪ್ಲೇಟು ತೊಳೆದದ್ದಾಯಿತು. ಕಾನ್‌ಸ್ಟೇಬಲ್ ಪರೀಕ್ಷೆಯಂತೂ ಬರೆಯುತ್ತಲೇ ಇದ್ದೇನೆ. ಅವಳು ಬಾಯಿ ಬಿಡುವುದಿಲ್ಲ, ನಾನು ಕೇಳುವುದು ಬಿಡುವುದಿಲ್ಲ.

ಅವ್ವನದೂ ಅದೇ ಹಟ. ತಾನೇ ಎದುರು ನಿಂತು ನನ್ನ ವಿಷಯ ಕೇಳಿಬಿಡುತ್ತಾಳಂತೆ. ಬೇಡವೇ ಬೇಡ ಅಂದೆ. ಮಗ ಹೊತ್ತ ದೇವರನ್ನು ಮಗನ ಬಗ್ಗೆಯೇ ಕೇಳಿದರೆ ಊರು ನಗುತ್ತದೆ.

ಜನವರಿ 10, ಶುಕ್ರವಾರ

ಮಧುಗಿರಿ. ಲಿಯಾಕತ್ ಅಲಿ ಸಾಬರ ಅಂಗಡಿಯಲ್ಲಿ ದಿನವಿಡೀ ಮೋಟಾರ್ ವೈಂಡಿಂಗ್. ಮಂಗಳವಾರ ನೀನು ದೇವರು ಹೊರೋಕೆ ಹೋಗ್ತೀಯ, ಶುಕ್ರವಾರ ನಾನು ನಮಾಜಿಗೆ ಹೋಗ್ತೀನಿ, ರೈತರ ಮೋಟಾರು ಯಾರು ಸುತ್ತಬೇಕು ಅಂತ ರೇಗಿಸಿದರು. ರಜೆಯನ್ನು ಮಾತ್ರ ಒಂದು ವಾರವೂ ಇಲ್ಲ ಅಂದವರಲ್ಲ.

ಜನವರಿ 21, ಮಂಗಳವಾರ. ಮಧ್ಯಾಹ್ನ

ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ.

ಬೆಳಿಗ್ಗೆ ಕಾನ್‌ಸ್ಟೇಬಲ್ ಪರೀಕ್ಷೆಯ ಕೀ ಆನ್ಸರ್ ಬಂತು. ಮೊಬೈಲ್ ಹಿಡಿದು ತಾಳೆ ನೋಡುತ್ತ ಕೂತೆ. ಈ ಸಲವೂ ಇಲ್ಲ. ಅಷ್ಟರಲ್ಲಿ ಮಾವ ಕೂಗಿದ. ಓಡಿದೆ. ಅಂಗಳ ಗುಡಿಸಲಿಲ್ಲ.

ಕೊಳಾಲದಿಂದ ಒಬ್ಬ ಹೆಂಗಸು ಬಂದಿದ್ದಳು, ರಾಧಾಮಣಿ ಅಂತ. ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಮಗಳು ಸಹನಾ, ಎರಡನೇ ಪಿಯುಸಿ. ಹಾರ್ಟಿನಲ್ಲಿ ತೂತು. ಬೆಂಗಳೂರಿನ ಡಾಕ್ಟರು ಆಪರೇಷನ್ನಿಗೆ ಡೇಟ್ ಕೊಟ್ಟಿದ್ದಾರೆ, ಖರ್ಚೆಲ್ಲ ಸರ್ಕಾರದ್ದು. ಆದರೆ ರಾಧಾಮಣಿಯ ಅಕ್ಕ ಹಿಂದೆ ಆಪರೇಷನ್ ಟೇಬಲ್ ಮೇಲೇ ಹೋದಳಂತೆ. ಅದಕ್ಕೇ ಅಮ್ಮನನ್ನು ಕೇಳಲು ಬಂದಿದ್ದಾಳೆ. ಮಾಡಿಸಲೋ, ಬೇಡವೋ.

ಹಿಂದಿನವನಿಗೆ ಕಾಣುವುದು ಅಮ್ಮನ ಸೀರೆ ಮತ್ತು ಮಾವನ ಬೆನ್ನು. ಅವಳ ದನಿ ಮಾತ್ರ ಕೇಳಿಸಿತು. ಅಡ್ಡೆ ನಿಧಾನ ತೂಗಿತು. ಆಗ ಎಡಗಾಲಿನ ಹಿಮ್ಮಡಿಗೆ ಜಾಲಿ ಮುಳ್ಳು. ಉದ್ದದ್ದು. ಜೀವ ಹೋದ ಹಾಗಾಗಿ ಎರಡು ಹೆಜ್ಜೆ ಹಿಂದಕ್ಕೆ ಬಿದ್ದೆ. ಅಡ್ಡೆಯೂ ನನ್ನ ಜೊತೆ ಬಂತು. ಮಾವನೂ.

ಬೇಡ ಅಂದಳು ಅಮ್ಮ, ಅಂತ ಯಾರೋ ಕೂಗಿದರು. ರಾಧಾಮಣಿ ನೆಲಕ್ಕೆ ಬಿದ್ದು ನಮಸ್ಕಾರ ಮಾಡಿದಳು.

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹಿಂದೆ ಇನ್ನೂ ಜನ ಇದ್ದರು, ಮಾವ ಮುಂದಿನವರನ್ನು ಕರೆದ, ನಾನು ಕುಂಟುತ್ತ ಹೊತ್ತೆ.

ಜನವರಿ 22

ಹಿಮ್ಮಡಿ ಊದಿದೆ. ಅವ್ವ ಅರಿಶಿನ ಬಿಸಿ ಮಾಡಿ ಕಟ್ಟಿದಳು. ಅಮ್ಮನ ಸೇವೆಯಲ್ಲಿ ಆದ ಗಾಯ, ಒಳ್ಳೇದೇ ಆಗ್ತೈತೆ ಅಂದಳು.

ಜನವರಿ 26, ಭಾನುವಾರ. ಕೊಳಾಲದಿಂದ ಬರುವಾಗ, ಬಸ್ಸಿನಲ್ಲಿ

ಹೋಗಿದ್ದೆ. ಕೊರಟಗೆರೆಯಲ್ಲಿ ಬಸ್ ಬದಲಾಯಿಸಿದೆ. ಬಿಸಿಯೂಟದ ರಾಧಾಮಣಿ ಅಂದ ಕೂಡಲೇ ಮನೆ ತೋರಿಸಿದರು. ದೇವರು ಹೊರುವ ತಿಪ್ಪೇಶಪ್ಪ ಬಂದರು ಅಂತ ಚಾಪೆ ಹಾಸಿ, ಕಾಲಿಗೆ ನೀರು ಕೊಟ್ಟಳು. ಆ ನೀರು ಹುಯ್ದುಕೊಳ್ಳುವಾಗಲೇ ನಾಚಿಕೆಯಾಯಿತು.

ಹೇಳಿದೆ. ಹಿಂದಕ್ಕೆ ಸರಿದದ್ದು ಅಮ್ಮ ಅಲ್ಲ, ನಾನು, ಮುಳ್ಳು ಚುಚ್ಚಿತು, ನೋಡಿ ಅಂತ ಹಿಮ್ಮಡಿಯನ್ನೂ ತೋರಿಸಿದೆ. ಆಪರೇಷನ್ ಮಾಡಿಸಿ ಅಂದೆ.

ಅವಳು ಬಗ್ಗಿ ಗಾಯ ನೋಡಿದಳು. ಆಮೇಲೆ ಅಂದಳು, "ಎಷ್ಟು ವರ್ಸದಿಂದ ಹೊರ್ತಿದ್ದೀಯಪ್ಪ ನೀನು. ಯಾವತ್ತೂ ಚುಚ್ಚದೇ ಇರೋ ಮುಳ್ಳು ನನ್ ಮಗಳ ವಿಷ್ಯ ಕೇಳ್ದಾಗ್ಲೇ ಚುಚ್ತು ಅಂದ್ರೆ, ಅದನ್ನ ಅಲ್ಲಿ ಮಡಗಿದ್ದು ಯಾರು?"

ನಾನು. ಗುಡಿಸದೆ ಬಿಟ್ಟವನು ನಾನು. ಅದೊಂದನ್ನು ಮಾತ್ರ ಹೇಳಲಿಲ್ಲ. ಅಷ್ಟು ದೂರ ಸತ್ಯ ಹೇಳಲು ಹೋಗಿ ಅರ್ಧ ಸತ್ಯ ಹೇಳಿ ಬಂದೆ. ಒಂದು ವಿಷಯ ಅಲ್ಲಿ ಅರ್ಥವಾಯಿತು. ಅವಳಿಗೆ ಬೇಕಾಗಿದ್ದದ್ದೇ 'ಬೇಡ'. ಹೆದರಿ ಸತ್ತುಹೋಗಿದ್ದಾಳೆ. ನಾನು ಎಡವಿದ್ದು ಅವಳಿಗೆ ಆಸರೆಯಾಗಿಬಿಟ್ಟಿದೆ.

ಸಹನಾ ಬಸ್ ಸ್ಟಾಪಿನವರೆಗೂ ಬಂದಳು. ಹತ್ತಿರದಲ್ಲೇ ಇದೆ ಸ್ಟಾಪು, ಆದರೂ ನಡುವೆ ನಿಂತು ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ತುಟಿ ನೀಲಿ.

"ಅಣ್ಣಾ, ನಂಗೆ ಆಪರೇಷನ್ ಬೇಕು," ಅಂದಳು. "ಬದುಕ್ಬೇಕು ಅಂತ ಆಸೆ ಐತೆ. ಯಾರೂ ನನ್ನ ಕೇಳ್ಲಿಲ್ಲ. ಚೌಡಮ್ಮ ಸುದ್ದ."

ನನ್ನ ನಂಬರ್ ಕೊಟ್ಟು ಬಸ್ ಹತ್ತಿದೆ.

ಫೆಬ್ರವರಿ 3

ಆಪರೇಷನ್ ಡೇಟ್ ಇವತ್ತಾಗಿತ್ತು. ಅವರು ಹೋಗಲಿಲ್ಲ.

ಒಂದು ಮೋಟಾರಿಗೆ ತಪ್ಪು ಗೇಜಿನ ತಂತಿ ಸುತ್ತಿದೆ. ಸಾಬರು ಬೈಯಲಿಲ್ಲ. ಎಲ್ಲ ಬಿಚ್ಚು, ಮೊದಲಿಂದ ಸುತ್ತು ಅಂದರು. ಬಿಚ್ಚಿದೆ, ಸುತ್ತಿದೆ. ಎಲ್ಲ ತಪ್ಪನ್ನೂ ಹೀಗೆ ಬಿಚ್ಚುವ ಹಾಗಿದ್ದರೆ.

ಫೆಬ್ರವರಿ 9, ಭಾನುವಾರ

ಸಹನಾ ಫೋನ್ ಮಾಡಿದ್ದಳು. ಕಾಲೇಜಿನಲ್ಲಿ ತಲೆ ತಿರುಗಿ ಬಿದ್ದಳಂತೆ. ಆಸ್ಪತ್ರೆಯವರು ಇನ್ನೊಂದು ಡೇಟ್ ಕೊಟ್ಟಿದ್ದಾರೆ, ಇಪ್ಪತ್ತನಾಲ್ಕು. ತಡ ಮಾಡಿದರೆ ಕಷ್ಟ ಅಂದಿದ್ದಾರೆ. ಅವರಮ್ಮ ಮತ್ತೆ ಚೌಡಮ್ಮನನ್ನು ಕೇಳಿದ ಮೇಲೆಯೇ ಅಂತ ಹಟ ಹಿಡಿದಿದ್ದಾಳೆ. ಒಂದು ಸಲ ಬೇಡ ಅಂದದ್ದನ್ನು ಹುಣ್ಣಿಮೆ ಕಳೆಯದೆ ಮತ್ತೆ ಕೇಳುವ ಹಾಗಿಲ್ಲ. ಹುಣ್ಣಿಮೆ ಈ ಬುಧವಾರ. ಅಂದರೆ ಹದಿನೆಂಟಕ್ಕೆ ಬರುತ್ತಾರೆ.

ಏನು ಮಾಡಬೇಕು ಅಂತ ಗೊತ್ತು. ಬರೆಯಲು ಕೈ ಬರುತ್ತಿಲ್ಲ.

ಫೆಬ್ರವರಿ 18, ಮಂಗಳವಾರ. ಮಧ್ಯಾಹ್ನ

ನೂಕಿದೆ.

ಅಂಗಳ ಎರಡೆರಡು ಸಲ ಗುಡಿಸಿದೆ ಮೊದಲು. ತಾಯಿ, ಮಗಳು ಇಬ್ಬರೂ ಎದುರು ನಿಂತರು. ರಾಧಾಮಣಿ ಕೇಳಿ ಮುಗಿಸುವಷ್ಟರಲ್ಲಿ ಹೆಗಲು ಕೊಟ್ಟು ನೂಕಿದೆ. ಅಡ್ಡೆ ಅಲುಗಲಿಲ್ಲ. ಮಾವ ಕಾಲು ಊರಿ ನಿಂತಿದ್ದ. ಮತ್ತೆ ನೂಕಿದೆ. ಅವನ ಬೆನ್ನು ಕಲ್ಲಾಯಿತು. ತಮಟೆ ಏರಿತು, ಜನ ಉಸಿರು ಬಿಗಿಹಿಡಿದಿದ್ದರು. ನಾನು ಕಣ್ಣು ಮುಚ್ಚಿ ನೂಕುತ್ತಲೇ ಇದ್ದೆ, ಬೆವರು ಕಣ್ಣಿಗೆ ಇಳಿಯಿತು. ಒಮ್ಮೆಗೇ ಆ ಕಡೆ ಏನೋ ಸಡಿಲವಾಯಿತು. ಅಡ್ಡೆ ನುಗ್ಗಿ ಹೋಗಿ ಸಹನಾಳ ಎದೆಯ ಹತ್ತಿರ ನಿಂತಿತು. ಅವಳು ಅಮ್ಮನ ಸೀರೆಯ ಅಂಚನ್ನು ಕಣ್ಣಿಗೊತ್ತಿಕೊಂಡಳಂತೆ. ಅದೂ ನನಗೆ ಕಾಣಲಿಲ್ಲ.

ರಾಧಾಮಣಿ ಅತ್ತಳು. ಆದರೆ ಇಲ್ಲ ಅನ್ನಲಿಲ್ಲ.

ಅಪ್ಪ ಹೊತ್ತ ಮರ ಅದು. ಸುಳ್ಳು ಹೇಳಿಸಿಬಿಟ್ಟೆ ಅದರ ಕೈಲಿ.

ಫೆಬ್ರವರಿ 19. ಬೆಳಿಗ್ಗೆ

ಮಾವ ಕರೆಸಿದ. ಗುಡಿ ಕಟ್ಟೆಯ ಮೇಲೆ ಕೂತಿದ್ದ. ಕೂರು ಅನ್ನಲಿಲ್ಲ.

"ನಿನ್ನೆ ನೂಕ್ದೋನು ನೀನು," ಅಂದ. "ಬೆನ್ನಿಗೆ ಗೊತ್ತಾಗ್ತೈತೆ ಕಣ್ಲಾ."

ಹೌದು ಅಂದೆ. ಮುಳ್ಳಿನದನ್ನೂ ಹೇಳಿದೆ. ಗುಡಿಸದೆ ಇದ್ದದ್ದನ್ನೂ. ಹೊಡೆದರೆ ಹೊಡೆಯಲಿ ಅಂತ ನಿಂತೆ. ಅವನು ಬೀಡಿ ಹಚ್ಚಿದ, ಸೇದಲಿಲ್ಲ. ಮತ್ತೆ ನೀನ್ಯಾಕೆ ಬಿಟ್ಟುಕೊಟ್ಟೆ ಮಾವ, ನಿಂತೇ ಇರಬಹುದಿತ್ತಲ್ಲ ಅಂತ ಕೇಳಿದೆ.

"ನಿಂತೇ ಇದ್ದೆ. ಕಳ್ಳ ಹೆಗಲಿಗೆ ದಾರಿ ಬುಡಬಾರ್ದು ಅಂತ ನಿಂತಿದ್ದೆ. ಆಮೇಲೆ ಆ ಮಗು ಮುಖ ನೋಡ್ಬುಟ್ಟೆ. ಆಮೇಲೆ ಕಾಲು ನಿಲ್ಲಲಿಲ್ಲ. ನಾನೇ ಬುಟ್ನೋ, ಆವಮ್ಮ ಬುಡಿಸಿದ್ಳೋ, ನಂಗೊತ್ತಿಲ್ಲ."

ಹಾಗಾದರೆ ಸಿಡಿಲು ಹೊಡೆದ ಹಾಗೆ ಅಂತೀಯಲ್ಲ ಅಂದೆ. ಅದು ನಿಮ್ಮ ಅಜ್ಜ ಹೇಳುತ್ತಿದ್ದ ಮಾತು, ನಾನೂ ಹೇಳಿಕೊಂಡು ಬಂದೆ ಅಂದ. ಅದನ್ನು ಹೇಳುವಾಗ ಅವನ ಮುಖವೂ ಸಣ್ಣದಾಗಿತ್ತು.

ಎದ್ದು ಹೋಗುವಾಗ ಒಂದೇ ಮಾತು ಅಂದ. ಇನ್ನೊಂದು ಸಲ ನೂಕಿದರೆ ಅಡ್ಡೆ ಮುಟ್ಟಬೇಡ.

ಫೆಬ್ರವರಿ 24, ಸೋಮವಾರ. ಮಧ್ಯಾಹ್ನ, ಅಂಗಡಿಯಲ್ಲಿ

ಇವತ್ತು. ಒಳಗೆ ಕರೆದುಕೊಂಡು ಹೋಗಿರುತ್ತಾರೆ.

ಹಿಂದಕ್ಕೆ ಎಳೆದವನೂ ನಾನೇ, ಮುಂದಕ್ಕೆ ನೂಕಿದವನೂ ನಾನೇ. ಏನಾದರೂ ಆದರೆ ರಾಧಾಮಣಿ ಅಮ್ಮನನ್ನು ಬೈಯುತ್ತಾಳೆ. ನನ್ನನ್ನಲ್ಲ. ಹುಡುಗಿ ಬದುಕಬೇಕು ಅಂತ ನೂಕಿದೆನೋ, ನನ್ನ ಮನಸ್ಸಿನ ಭಾರ ಇಳಿಯಲಿ ಅಂತ ನೂಕಿದೆನೋ... ಎರಡೂ ಇತ್ತು. ಇಲ್ಲಿ ಯಾರೂ ಓದುವುದಿಲ್ಲ, ಒಪ್ಪಿಕೊಳ್ಳುತ್ತೇನೆ.

ಸಾಬರು ಮುಖ ನೋಡಿದರು. ವಿಷಯ ಕೇಳಲಿಲ್ಲ. ಹುಡುಗಿಯ ಹೆಸರು ಮಾತ್ರ ಕೇಳಿಕೊಂಡು ಮಧ್ಯಾಹ್ನದ ನಮಾಜಿಗೆ ಹೋದರು.

ಫೆಬ್ರವರಿ 26, ಶಿವರಾತ್ರಿ

ರಾಧಾಮಣಿಯ ಫೋನ್. ಸಹನಾ ಕಣ್ಣು ಬಿಟ್ಟಿದ್ದಾಳೆ. ಎರಡು ಚಮಚ ಗಂಜಿ ಕುಡಿದಳಂತೆ. ತುಟಿಯ ಬಣ್ಣ ಬಂದಿದೆಯಂತೆ.

ಹಿತ್ತಲಿಗೆ ಹೋಗಿ ಅತ್ತೆ. ಅಳು ಮುಗಿದ ಮೇಲೂ ಹಗುರಾಗಲಿಲ್ಲ. ಅಮ್ಮ ಕಾಪಾಡಿದಳು ಅಂತ ಅವಳು ಹೇಳುತ್ತಲೇ ಇದ್ದಳು, ನಾನು ಹೂಂ ಅನ್ನುತ್ತಲೇ ಇದ್ದೆ. ಒಂದು ವೇಳೆ ನೂಕಿದ್ದು ನಾನೊಬ್ಬನೇ ಆದರೆ ರಾಧಾಮಣಿಗೆ ಮೋಸ ಮಾಡಿದ್ದೇನೆ. ಅಮ್ಮನೂ ನೂಕಿದ್ದಳು ಅಂದರೆ, ಅವಳನ್ನು ನಂಬದೆ ಮೊದಲೇ ಕೈ ಹಾಕಿದ್ದೇನೆ. ಹೇಗೆ ನೋಡಿದರೂ ತಪ್ಪು ನನ್ನ ಕಡೆಗೇ ಬರುತ್ತದೆ.

ಮಾರ್ಚ್ 11, ಮಂಗಳವಾರ

ರಾಧಾಮಣಿ ಒಬ್ಬಳೇ ಬಂದು ಅಮ್ಮನಿಗೆ ಹಸಿರು ಸೀರೆ ಉಡಿಸಿದಳು. ಗುಡಿಸದೆ ಬಿಟ್ಟಿದ್ದೆ ಅನ್ನುವ ಮಾತನ್ನು ಈ ಸಲ ಹೇಳಿಬಿಟ್ಟೆ. ಇನ್ಮೇಲೆ ಗುಡಿಸಪ್ಪ ಅಂದಳು. ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಅಮ್ಮ ಹುಡುಗಿಯನ್ನು ಉಳಿಸಿದಳು ಅಂತ ಸುದ್ದಿ ಹಬ್ಬಿದೆ. ಪಾವಗಡದ ಕಡೆಯವರು ಟೆಂಪೋ ಮಾಡಿಕೊಂಡು ಬಂದಿದ್ದರು. ಅಡ್ಡೆ ಎತ್ತುವ ಮೊದಲು ಕೇಳಲು ಬಂದವರ ಜೊತೆ ಕಟ್ಟೆಯ ಮೇಲೆ ಕೂರುತ್ತೇನೆ ಈಗ. ಹೋದ ವಾರದಿಂದ. ಯಾರೂ ಹೇಳಿದ್ದಲ್ಲ. ವಿಷಯ ಯಾರದು, ಅವರನ್ನು ಕೇಳಿದಿರಾ ಅಂತ ಕೇಳುತ್ತೇನೆ. ಮಗಳ ಮದುವೆ ಅನ್ನುವವರಿಗೆ ಮಗಳನ್ನು, ಅಪ್ಪನ ಕಾಲು ತೆಗೆಸುವ ಮಾತಾದರೆ ಅಪ್ಪನನ್ನು. ಬಹಳ ಜನ ಕೇಳಿರುವುದೇ ಇಲ್ಲ. ಇಬ್ಬರು ಕೇಳಿಕೊಂಡು ಬರುತ್ತೇವೆ ಅಂತ ವಾಪಸ್ ಹೋದರು. ಒಬ್ಬ ಮುದುಕಪ್ಪ ಡಾಕ್ಟರ ಚೀಟಿ ಓದಿ ಹೇಳು ಅಂದ. ನಾಳಿದ್ದು ಅವನ ಜೊತೆ ತುಮಕೂರಿಗೆ ಹೋಗಬೇಕು. ಸಾಬರನ್ನು ರಜೆ ಕೇಳಬೇಕು.

ದೂರದಲ್ಲಿ ಕೂತು ಮಾವ ಎಲ್ಲ ನೋಡುತ್ತಿದ್ದ. ಸಾಯಂಕಾಲ ಅಂದ, ಮುಂದಿನ ವಾರದಿಂದ ಮುಂದಿನ ಹೆಗಲು ನೀನು, ನಾನು ಹಿಂದೆ. ನಾನು ಬೇಡ ಅಂದೆ. ನನ್ನಂಥವನಿಗೆ ಕೊಡಬೇಡ ಅಂದೆ.

"ಮುಖ ಕಾಣ್ದೆ ಇರೋನಿಗೆ ನೂಕೋದು ಸಲೀಸು," ಅಂದ ಮಾವ. "ಮುಖ ನೋಡ್ಕೊಂಡು ಸುಮ್ಕೆ ನಿಲ್ಲು, ನೋಡಾಣ."

ಮಾರ್ಚ್ 18, ಮಂಗಳವಾರ. ಸಂಜೆ

ಅಂಗಳ ನಾನೇ ಗುಡಿಸಿದೆ. ಹೆಗಲು ಬದಲಾದರೂ ಪೊರಕೆ ನನ್ನದೇ ಇರಲಿ ಅಂದೆ, ಮಾವ ಒಪ್ಪಿದ.

ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದೆ. ಸಾಲಿನ ಕೊನೆಯಲ್ಲಿ ಅವ್ವ. ತಲೆಗೆ ಸ್ನಾನ ಮಾಡಿ, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದಾಳೆ. ಎದ್ದು ಹೋಗು ಅಂತ ಕಣ್ಣಲ್ಲೇ ಹೇಳಿದೆ. ಅವಳು ಬೇರೆ ಕಡೆ ನೋಡಿದಳು. ಅವಳ ಸರದಿ ಬಂದಾಗ ಎಲ್ಲರಿಗೂ ಕೇಳುವುದನ್ನೇ ಕೇಳಬೇಕಾಯಿತು. ವಿಷಯ ಯಾರದು ಅಂದೆ. ಮಗನದು ಅಂದಳು. ಮಗನನ್ನು ಕೇಳಿದೆಯಾ ಅಂದೆ. ಸುತ್ತ ಇದ್ದವರು ನಕ್ಕರು.

ಅವ್ವ ನಗಲಿಲ್ಲ. "ಮಗನ್ನ ಕೇಳಿದ್ರೆ ಬಾಯಿ ಬುಡಲ್ಲ. ಅದಕ್ಕೇ ಅವ್ಳನ್ನೇ ಕೇಳೋಕೆ ಬಂದೆ."

ಅಡ್ಡೆ ಎತ್ತಿದೆವು. ಎಲ್ಲರಿಗಿಂತ ಮೊದಲು ಅವ್ವ ಬಂದು ಎದುರು ನಿಂತಳು. ಮೊದಲ ಸಲ ನನಗೆ ಕೇಳುವವರ ಮುಖ ಕಂಡದ್ದು, ಅದೂ ಇವಳದು. ಇಷ್ಟು ಸೊರಗಿದ್ದಾಳೆ ಅಂತ ಮನೆಯಲ್ಲಿ ಕಂಡಿರಲೇ ಇಲ್ಲ. ಪರೀಕ್ಷೆ ಬರೆದು ಬಂದ ದಿನವೆಲ್ಲ ಈ ಮುಖ ಬಾಗಿಲಲ್ಲೇ ನಿಂತಿರುತ್ತಿತ್ತು, ನಾನು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ.

ದನಿ ಸಣ್ಣಗೆ ಮಾಡಿ ಕೇಳಿದಳು, "ನನ್ ಮಗನ್ನ ಇದಕ್ಕೇ ಹುಟ್ಸಿದ್ದಾ ತಾಯಿ?"

ಮುಂದಕ್ಕೆ ಹೋಗಬೇಕು ಅಂತ ಆಸೆಯಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಆಸೆಯಾಯಿತು. ಒಂದು ಹೆಜ್ಜೆ ಇಟ್ಟರೆ ಸಾಕು, ಅವ್ವನ ಮುಖ ಅರಳುತ್ತಿತ್ತು. ಅದಕ್ಕೇ ಎರಡು ಕಾಲನ್ನೂ ಸಡಿಲ ಬಿಟ್ಟೆ. ನೂಕಲಿಲ್ಲ. ತಡೆಯಲೂ ಇಲ್ಲ. ಇದೇ ಹೆಗಲಲ್ಲಿ ನಿನ್ನ ಹೆಸರಿಗೆ ಸುಳ್ಳು ಹೊರಿಸಿದ್ದೇನೆ, ಬೇಡ ಅನ್ನುವುದಾದರೆ ಅನ್ನು, ಅಂತ ಕಣ್ಣು ಮುಚ್ಚಿದೆ. ಹಿಂದೆ ಮಾವನ ಉಸಿರೂ ಕೇಳಿಸಲಿಲ್ಲ. ತಮಟೆ ನಿಂತಿತು.

ಸುಮಾರು ಹೊತ್ತು ಏನೂ ಇಲ್ಲ. ಕುತ್ತಿಗೆ ನೋವು ಮಾತ್ರ.

ಆಮೇಲೆ ಹೆಗಲ ಮೇಲಿನ ಮರ ಮೆಲ್ಲಗೆ ಅವ್ವನ ಕಡೆಗೆ ಅಲುಗಿತು. ನೂಕಿದ್ದು ನಾನಲ್ಲ.