ಯಡೂರಿಗೆ ಹೋಗ್ಯಾರ ಅಂತ ಹೇಳ್ರಿ

ನೀವು ಕಬ್ಬಿನ ಹೊಲದಿಂದ ಬರೂದ್ರಾಗ ನಾವು ಹೋಗಿರ್ತೀವಿ. ನಿಮ್ಮ ತಂಗಿ ಲಕ್ಕವ್ವನ್ನ ಮತ್ತ ಮಿರಜದ ಡಾಕ್ಟರ ಕಡೆ ಕರ್ಕೊಂಡು ಹೊಂಟೀನಿ. ನಿಮ್ಮನ್ನ ಕೇಳಿದ್ರ ಮದಲ ಅಕಿ ಲಗ್ನ ಆಗ್ಲಿ ಅಂತಿದ್ರಿ, ಅದಕ್ಕ ಕೇಳಿಲ್ಲ.

ರೊಟ್ಟಿ ಬುಟ್ಟ್ಯಾಗ ಅದಾವ. ಎಮ್ಮಿಗೆ ನೀರ ಕುಡಿಸ್ರಿ. ನಿಮ್ಮ ಅವ್ವಗ ಏನೂ ಹೇಳಬ್ಯಾಡ್ರಿ. ಮತ್ತ ದೆವ್ವ ಗಾಳಿ ಬಿಡಸಾವನ್ನ ಕರಸಿ ಅಕೀಗೆ ಬಾರಕೋಲಲೆ ಹೊಡಸ್ತಾರ. ಹ್ವಾದ ಸಲ ಬೆನ್ನ ಮ್ಯಾಲ ಎದ್ದ ಬಾಸುಂಡಿ ಇನ್ನೂ ಮಾಗಿಲ್ಲ.

ಡಾಕ್ಟರ ಕೊಟ್ಟ ಗುಳಿಗಿ ತಗೋತಿದ್ದಾಗ ಅಕಿ ಚಲೋನ ಇದ್ಲು. ತೂಕಡಸ್ತಾಳ, ಗಂಡಿನವರು ನೋಡಾಕ ಬಂದಾಗ ಮಾರಿ ಮ್ಯಾಲ ಕಳಿ ಇರ್ಲಿ ಅಂತ ನೀವ ಗುಳಿಗಿ ಬಿಡಿಸಿದ್ರಿ. ಅವರು ನೋಡಿ ಒಪ್ಪಿ ಹ್ವಾದ್ರು. ಈಗ ಅಕೀಗೆ ಊಟಿಲ್ಲ, ನಿದ್ದಿಲ್ಲ, ಗ್ವಾಡಿ ಕೂಡ ಮಾತಾಡ್ತಾಳ. ನಡುವ ಗುಳಿಗಿ ಬಿಟ್ರ ತಲಿಗೆ ಕರೆಂಟ ಕೊಡೂ ಪಾಳಿ ಬರ್ತೈತಿ ಅಂತ ಡಾಕ್ಟರ ಆವಾಗ್ಲೆ ಹೇಳಿದ್ರು. ಕೊಡ್ತೀನಿ ಅಂದ್ರ ಹೂಂ ಅಂತೀನಿ. ಬ್ಯಾರೆ ದಾರಿ ನನಗ ತಿಳೀವಲ್ದು.

ಬಸ್ ಸ್ಟ್ಯಾಂಡಿನ್ಯಾಗ ಬೀಗರ ಪೈಕಿ ಯಾರರ ಕಂಡಾರು ಅಂತ ದೋಣ್ಯಾಗ ಹೊಳಿ ದಾಟಿ ಹೋಗ್ತೀವಿ. ಮಂದಿ ಕೇಳಿದ್ರ ಯಡೂರ ವೀರಭದ್ರಗ ಹೋಗ್ಯಾರ ಅಂತ ಹೇಳ್ರಿ.

ಅಕೀಗೂ ನಾ ಅದನ್ನ ಹೇಳೀನಿ. ಇಲ್ದಿದ್ರ ಹೊಂಡತಿದ್ದಿಲ್ಲ. ನಿಶ್ಚಯದಾಗ ಕೊಟ್ಟ ಹಸರ ಸೀರಿ ಉಟಗೊಂಡು, ದೇವರಿಗೆ ಒಡಸಾಕ ಅಂತ ತೆಂಗಿನಕಾಯಿ ತೊಡಿ ಮ್ಯಾಲ ಇಟ್ಕೊಂಡು ಬಾಗಲದಾಗ ಕುಂತಾಳ. ‘ವೈನಿ, ಕಾಯಿ ಒಡಸಿದ ಮ್ಯಾಲ ನಾ ಆರಾಮ ಆಗ್ತೀನಲ್ಲ?’ ಅಂತ ಕೇಳಾಕತ್ತಾಳ.

ದವಾಖಾನಿ ಬಾಗಲದಾಗ ಆ ಕಾಯಿ ಅಕಿ ಕೈಯಾಗಿಂದ ನಾ ಹೆಂಗ ಇಸ್ಕೊಳ್ಳಲಿ, ನೀವ ಹೇಳ್ರಿ.