ಹೆಣವಾಗಿ ನಟಿಸಿದವಳಿಗೆ ತೋಡಿದ ಗುಂಡಿ

ಅಮ್ಮಾ,

ನೀನು ಹರೆಯದಲ್ಲಿ ನಟಿಸಿದ ಸಿನಿಮಾದ ಕ್ಯಾಸೆಟ್ ಈ ಗಡಿಹಳ್ಳಿಯಲ್ಲಿ ಸಿಕ್ಕಿತು! ಬೂಷ್ಟು ಹಿಡಿದಿದ್ದರೂ ಓಡುತ್ತದೆ. ತೀರಿಕೊಂಡ ತಮ್ಮವರ ಮುಖ ಅದರಲ್ಲಿ ಕಂಡು ಊರೇ ಅತ್ತಿತು.

ಇಲ್ಲಿ ಚಿತ್ರೀಕರಣದ ದಿನ ನೀನು ಹೆಣವಾಗಿ ಮಲಗಿದ್ದನ್ನು ನೋಡಿ ಊರ ಹುಡುಗರು ನಿಜವಾಗಿಯೇ ಗುಂಡಿ ತೋಡಿದ್ದು ನೆನಪಿದೆಯಾ? ಯಾರೇ ಸತ್ತರೂ ಗುಂಡಿ ತೋಡುವುದು ಊರ ಹುಡುಗರ ಪಾಲಿನ ಕೆಲಸ; ಸತ್ತವರು ಯಾರು, ಏನು ಎಂದು ನಮ್ಮವರು ಕೇಳುತ್ತ ನಿಲ್ಲುತ್ತಾರೆಯೇ! ಅವರಲ್ಲೊಬ್ಬರಾದ ಸಾಂಗ್‌ಖುಮಾ ಅಜ್ಜ ಕ್ಯಾಸೆಟ್ ಬಿಟ್ಟುಕೊಡುತ್ತಿಲ್ಲ.

“ನಾವು ಬೆವರು ಸುರಿಸಿ ತೋಡಿದ್ರೆ, ಅವಳು ಎದ್ದು ಕೂತು ಟೀ ಕೇಳಿದ್ಲು! ಬಂದು ಮುಖ ತೋರಿಸ್ಲಿ, ಆಮೇಲೆ ಕೊಡ್ತೀನಿ.”

ನಾನೂ ಬಿಡುವವಳಲ್ಲ. ಐಜಾಲಿನಲ್ಲಿ ಇದನ್ನು ತೋರಿಸಿಯೇ ತೀರುತ್ತೇನೆ. ಶನಿವಾರದ ಸುಮೋ ಹತ್ತು. ನನಗೆ ಕೆಮ್ಮು ಜೋರಾಗಿದೆ, ನನ್ನ ದಪ್ಪ ಶಾಲು ತಾ.

ಆ ಗುಂಡಿಯಲ್ಲಿ ಅಜ್ಜ ಕಿತ್ತಳೆ ನೆಟ್ಟಿದ್ದರಂತೆ. ಮರ ಬಾಗುವಷ್ಟು ಹಣ್ಣಿದೆ. ‘ಸತ್ತವಳೇ ಬಂದು ಕೀಳಲಿ’ ಎನ್ನುತ್ತಾರೆ.

ದಿಂಗಿ