ಕರಗುವ ಜಾತಿಯ ಗಡ್ಡೆ

ಜೆನೆಬಕ್ಕಾ,

ಇವತ್ತು ಬುಧವಾರದ ಉಪವಾಸ. ರೊಟ್ಟಿಗೆ ತೆಫ್ ಧಾನ್ಯದ ಹಿಟ್ಟು ಕಲಸಿಟ್ಟು, ಅಂಗಳ ಗುಡಿಸಿ, ನಿನ್ನ ಮಗಳು ಅಸ್ಕಾಲೆಯನ್ನು ಅಡಿಸ್ ಅಬಾಬಾದ ಆಸ್ಪತ್ರೆಗೆ ಕರೆದೊಯ್ದೆ.

ಎಂ.ಆರ್.ಐ. ಕೋಣೆಯವನು ಅವಳ ಕೊರಳದಾರದ ಶಿಲುಬೆ ಬಿಚ್ಚಿಸಿದ. "ನಿನ್ನ ಯಂತ್ರ ದೇವರನ್ನೂ ಎಳ್ಕೊಳ್ಳುತ್ತೇನಪ್ಪಾ?" ಅಂದೆ.

"ಕಬ್ಬಿಣವನ್ನಷ್ಟೇ ಅಮ್ಮಾ. ದಾರ ಇರಲಿ" ಅಂದ.

ಆಮೇಲೆ ಡಾಕ್ಟರಮ್ಮ ಹೇಳಿದರು: "ಈ ಹೊಸ ಚಿತ್ರದಲ್ಲಿ ತಲೆಯೊಳಗಿನ ಗಡ್ಡೆಯ ಜಾತಿ ಸುಮಾರಾಗಿ ತಿಳಿಯುತ್ತೆ. ಇದು ಔಷಧಕ್ಕೆ ಕರಗೋ ಹಾಗಿದೆ. ತಲೆ ತೆರೆಯೋದು ಬೇಡ, ಸೂಜೀಲಿ ಚೂರು ತೆಗೆದು ಖಚಿತ ಮಾಡ್ಕೋತೀವಿ."

ನಿನ್ನ ಗಡ್ಡೆಯೂ ಇದೇ ಜಾತಿ ಅಂತ ತಲೆ ತೆರೆದ ಮೇಲಷ್ಟೇ ಗೊತ್ತಾಯಿತು. ನೀನು ಆ ಆಪರೇಷನ್ ಮೇಜಿನಿಂದ ಏಳಲಿಲ್ಲ. ಒಪ್ಪಿಗೆಗೆ ರುಜು ಹಾಕಿದವಳು ನಾನು. ಈಗ ಸಂತೋಷಪಡಲೋ ಬೇಡವೋ, ಒಂದೂ ತಿಳಿಯುತ್ತಿಲ್ಲ.

ನಾಳೆ ಸೂಜಿಗೂ ನನ್ನದೇ ರುಜು ಬೇಕಂತೆ. ಹಾಕಲೇ? ಮಣ್ಣಿನಲ್ಲಿ ನಿನ್ನ ಪಕ್ಕದಲ್ಲೇ ಮಲಗಿರುವ ಅಮ್ಮನಿಗೆ ಹೇಳು, ನಿನ್ನ ಉತ್ತರವನ್ನು ನನ್ನ ಕನಸಿಗೆ ತಂದುಕೊಡಲಿ.